ಕೀಲಿ ತೆಗೆಯುವ ಕೈ

ಮೈಬೂಬ ಡ್ರಿಲ್ ಮಷೀನಿನ ವಾಯರು ಬಿಚ್ಚುತ್ತಿದ್ದಾಗಲೇ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಹೊರಗೆ ಬಂತು. ಮುಪ್ಪಿನ ಕೈ, ಆದರೆ ನಡುಕವಿಲ್ಲ. ಪಕ್ಕದ ಬಾಗಿಲಿನ ಕೊಂಡಿಗೆ ಹಾಕಿದ್ದ ಕೀಲಿಯನ್ನು ಅದು ತಡವಿ ಹಿಡಿದು, ಛತ್ರಿಯ ಮುರುಕು ಕಡ್ಡಿಯೊಂದನ್ನು ಒಳಗೆ ತೂರಿಸಿ ಎರಡು ಸಲ ತಿರುವಿತು. ಕೀಲಿ ಕಳಚಿಕೊಂಡಿತು. ಮೊನ್ನೆಯಷ್ಟೇ ತಂದ ಏಳು ಲಿವರಿನ ಬೀಗ ಅದು.

"ನೋಡಿದ್ಯಾ ಮೈಬೂಬಣ್ಣಾ? ಇದು ಮೂರನೇದು," ಎಂದಳು ಪಲ್ಲವಿ.

ಮೈಬೂಬನಿಗೆ ಮೊದಲು ನಗು ಬಂತು, ಆಮೇಲೆ ಕಣ್ಣು ತುಂಬಿತು. ಅವನಿಗೆ ಕಸುಬು ಕಲಿಸಿದ್ದು ಆ ಕೈಯೇ. ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ನಲವತ್ತು ವರ್ಷ ಕೀಲಿ ರಿಪೇರಿ ಮಾಡುತ್ತ ಕೂತಿದ್ದ ಯಂಕಪ್ಪನಿಗೆ ಈಗ ಎರಡು ವರ್ಷದಿಂದ ಮರೆವು. ಹೆಂಡತಿ ತೀರಿಕೊಂಡದ್ದು ಮರೆತಿದೆ. ಮಗಳು ಪಲ್ಲವಿಯನ್ನೇ ಒಮ್ಮೊಮ್ಮೆ "ನೀವು ಯಾರ ಪೈಕಿರಿ?" ಎಂದು ಕೇಳುತ್ತಾನೆ. ಕೀಲಿ ಮಾತ್ರ ಮರೆತಿಲ್ಲ.

ಪಲ್ಲವಿ ದವಾಖಾನೆಯ ನರ್ಸ್ ಡ್ಯೂಟಿಗೆ ಹೋದಳೆಂದರೆ ಅವನ ಕಿವಿಯಲ್ಲಿ ಯಾರೋ ಕರೆಯುತ್ತಾರೆ. ಯಾರದೋ ಮನೆಯ ಚಾವಿ ಕಳೆದಿದೆ, ಹೆಂಗಸರು ಮಕ್ಕಳು ಬಿಸಿಲಲ್ಲಿ ನಿಂತಿದ್ದಾರೆ. ಇವನು ಕೀಲಿ ತೆಗೆದು ಹೊರಟುಬಿಡುತ್ತಾನೆ. ಹೋದ ವಾರ ದೇವಣಗಾಂವ ರಸ್ತೆಯಲ್ಲಿ ಸಿಕ್ಕಿದ್ದ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ಬರಿಗಾಲಲ್ಲಿ. ಡ್ರೈವರ್ ಹೊತ್ತಿಗೆ ಸರಿಯಾಗಿ ಬ್ರೇಕ್ ಒತ್ತಿದ್ದಕ್ಕೆ ಜೀವ ಉಳಿಯಿತು. ಇನ್ನೊಂದು ಸಲವೂ ಉಳಿಯುತ್ತದೆಂದು ಯಾರು ಬರೆದುಕೊಡುತ್ತಾರೆ? ಕಿಟಕಿ ಮುಚ್ಚೋಣವೆಂದರೆ ಮನೆಗೆ ಗಾಳಿ ಬೆಳಕು ಅದೊಂದೇ, ಪಕ್ಕದ ಮನೆಯ ಇರಮ ಮಧ್ಯಾಹ್ನ ಚಹಾ ಕೊಟ್ಟು ಮಾತಾಡಿಸುವುದೂ ಅಲ್ಲಿಂದಲೇ.

"ಇದಕ್ಕ ಚಾವಿ ತೂತ ಇಲ್ಲ ತಂಗಿ," ಎಂದು ಮೈಬೂಬ ತನ್ನ ಅಂಗಡಿಯಿಂದ ತಂದ ಸ್ಮಾರ್ಟ್ ಲಾಕಿನ ಡಬ್ಬಿ ತೆರೆದ. "ಒಳಗ ಹೊರಗ ಎರಡೂ ಕಡೆ ನಂಬರ ಒತ್ತಬೇಕು, ಇಲ್ಲಾ ಬೆರಳ ಇಡಬೇಕು. ನಂಬರ ಇರಮಕ್ಕಗೂ ಹೇಳಿಡು. ಕಾಕಾನ ಕೈ ಇದರ ಮುಂದ ನಡಿಯಂಗಿಲ್ಲ."

"ಆ ಕೈನೂ ನಡೀದಿದ್ರ ಅಪ್ಪನ ಹತ್ರ ಮತ್ತೇನ ಉಳೀತೈತಿ ಅಣ್ಣಾ?"

ಮೈಬೂಬ ಡ್ರಿಲ್ ಕೆಳಗಿಟ್ಟ. ಅವನಿಗೂ ಆ ಬಾಗಿಲಿಗೆ ತೂತು ಹೊಡೆಯಲು ಮನಸ್ಸಿರಲಿಲ್ಲ.

"ಒಂದ ಮಾತ ಐತಿ. ಮಾಲಕ ಎದುರಿಗೆ ನಿಂತು 'ತೆಗಿ' ಅನ್ನೂ ತನಕ ಕಾಕಾ ಮಂದಿ ಕೀಲಿಗೆ ಕೈ ಹಚ್ಚಿದವರಲ್ಲ. ನಾ ಒಮ್ಮೆ ಕೇಳದನ ಒಂದ ಟ್ರಂಕ್ ತೆಗದಿದ್ದಕ್ಕ ಕಪಾಳಕ್ಕ ಹೊಡದಿದ್ರು."

ಅವನು ಹೇಳುತ್ತಿರುವುದೇನೆಂದು ಪಲ್ಲವಿಗೆ ತಿಳಿಯಿತು. ಕೀಲಿ ಮತ್ತೆ ಹಾಕಿದಳು. ಕೈ ಆಗಲೇ ಹೊರಗೆ ಬಂದಿತ್ತು.

"ಯಪ್ಪಾ, ಇದು ನಮ್ಮ ಮನಿ ಅಲ್ಲ. ಮಾಲಕರು ಊರಿಗೆ ಹೋಗ್ಯಾರ."

ಕೆಂಡ ಮುಟ್ಟಿದಂತೆ ಕೈ ಒಳಗೆ ಸರಿಯಿತು. "ಮೊದಲ ಹೇಳಬಾರದೇನು? ತಪ್ಪಾತ್ರಿ," ಎಂದ ಯಂಕಪ್ಪ. ಛತ್ರಿ ಕಡ್ಡಿಯನ್ನು ಸರಳಿನ ನಡುವಿನಿಂದ ತಾನಾಗಿಯೇ ಮಗಳ ಕೈಗೆ ಕೊಟ್ಟುಬಿಟ್ಟ.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಮೈಬೂಬ ಡಬ್ಬಿ ಕಟ್ಟಿಕೊಂಡು ಹೋದ. ಪಲ್ಲವಿ ದಿನದಂತೆ ಗಂಗಾಳದಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ ಇಟ್ಟು, ತಂಬಿಗೆ ತುಂಬಿಸಿ, ಕೀಲಿ ಹಾಕಿ ಡ್ಯೂಟಿಗೆ ಹೋದಳು. ಮಧ್ಯಾಹ್ನ ಫೋನ್ ಮಾಡಿದಾಗ ಇರಮ, "ಕುಂತಾರವ್ವಾ, ಮಿಸುಕಾಡಿಲ್ಲ," ಎಂದಳು. ಎಷ್ಟೋ ದಿನದ ಮೇಲೆ ಪಲ್ಲವಿ ಜೊತೆಯವರೊಂದಿಗೆ ಕೂತು ನಿರಾಳವಾಗಿ ಉಂಡಳು.

ಸಂಜೆ ಬಾಗಿಲು ತೆಗೆದರೆ ಅಪ್ಪ ಹಗ್ಗದ ಹೊರಸಿನ ಮೇಲಿರಲಿಲ್ಲ. ಬಾಗಿಲ ಬಳಿಯೇ ನೆಲದ ಮೇಲೆ, ರುಮಾಲು ತೊಡೆಯ ಮೇಲಿಟ್ಟುಕೊಂಡು, ಗೋಡೆಗೂ ಒರಗದೆ ಕೂತಿದ್ದ. ತುಟಿಗಳು ಒಣಗಿ ಬಿರಿದಿದ್ದವು. ರೊಟ್ಟಿ ಇಟ್ಟಂತೆಯೇ ಇತ್ತು. ತಂಬಿಗೆಯ ನೀರು ಒಂದು ಗುಟುಕೂ ಇಳಿದಿರಲಿಲ್ಲ.

ಇರಮ ಕಿಟಕಿಯ ಹತ್ತಿರ ಬಂದಳು. "ನೀ ಫೋನ್ ಇಟ್ಟ ಮ್ಯಾಲ ಚಾ ತಂದ್ನಿ, ಮುಟ್ಟಲಿಲ್ಲವ್ವಾ. ಮಾಲಕರಿಲ್ಲದ ಮನ್ಯಾಗ ನೀರ ಸುದ್ದಾ ಕುಡೀಬಾರ್ದು ಅಂದ್ರು."

ಪಲ್ಲವಿ ಅಪ್ಪನ ಕೈ ಉಳಿಸಲು ಹೋಗಿ ಅವನ ಮನೆಯನ್ನೇ ಕಸಿದುಕೊಂಡಿದ್ದಳು. ಎದುರಿಗೆ ಕುಕ್ಕರಿಸಿ ಅವನ ಮೊಣಕಾಲು ಹಿಡಿದಳು.

"ಯಪ್ಪಾ, ಇದು ನಿನ್ನ ಮನೀನ. ನೀನ ಕಟ್ಟಿಸಿದ್ದು. ನಾ ಸುಳ್ಳ ಹೇಳಿದ್ನಿ."

"ಇರ್ಲಿ ಬಿಡ್ರಿ," ಎಂದು ಯಂಕಪ್ಪ ಸಂಕೋಚದಿಂದ ನಕ್ಕ. "ಅವರು ಬಂದ ಮ್ಯಾಲ ಹೋಗ್ತೇನಿ."

ಎಲ್ಲ ಮರೆಯುವ ಮುದುಕ ಇದೊಂದನ್ನು ಮರೆಯಲಿಲ್ಲ. ಮತ್ತೆ ಮತ್ತೆ ಹೇಳಿದಳು, ಅತ್ತಳು, ಗೋಡೆಯ ಮೇಲಿನ ಅವ್ವನ ಫೋಟೋ ತೋರಿಸಿದಳು. ಅವನು ಪರರ ಮನೆಯ ಫೋಟೋ ನೋಡುವಂತೆ ನೋಡಿ ತಲೆಯಾಡಿಸಿದ.

ಪಲ್ಲವಿ ಮೈಬೂಬನಿಗೆ ಫೋನ್ ಹಚ್ಚಿದಳು. "ನಾಳೆ ಮುಂಜಾನೆ ಆ ಸ್ಮಾರ್ಟ್ ಲಾಕ್ ತಂದು ಕೂಡಿಸಣ್ಣಾ."

"ಯಾಕವ್ವಾ? ಕಾಕಾ ಮತ್ತ ಕೀಲಿ ತೆಗದ್ರೇನು?"

"ಇಲ್ಲ. ತೆಗೀಲಿಲ್ಲ." ಅವಳು ದನಿ ತಗ್ಗಿಸಿದಳು. "ಇದು ನಮ್ಮ ಮನಿ ಅಲ್ಲ ಅಂತ ಅಪ್ಪಗ ಇನ್ನೊಮ್ಮೆ ಹೇಳಾಕ ನನಗಾಗಂಗಿಲ್ಲ."

ಫೋನ್ ಇಟ್ಟು ಗಂಗಾಳವನ್ನು ಅಪ್ಪನ ಮುಂದೆ ಸರಿಸಿದಳು. "ಮಾಲಕರ ಫೋನ್ ಬಂದಿತ್ರಿ. ನೀವು ಉಣ್ಣಬೇಕಂತ."

"ಹೌದ್ರಿ? ಹಂಗಂದ್ರ ಆತು." ಯಂಕಪ್ಪ ತಂಬಿಗೆ ಎತ್ತಿ ಗಟಗಟ ಅರ್ಧ ಖಾಲಿ ಮಾಡಿದ. ಬೆಳಗಿನ ರೊಟ್ಟಿ ಬಿರುಸಾಗಿತ್ತು. ಅದನ್ನು ಸರಿಯಾಗಿ ಎರಡು ತುಂಡು ಮುರಿದು, ಒಂದನ್ನು ಗಂಗಾಳದ ಅಂಚಿಗೆ ಸರಿಸಿ, ಮೇಲೆ ತನ್ನ ರುಮಾಲು ಮುಚ್ಚಿದ.

"ಅವರೂ ಹಸದ ಬರ್ತಾರಲ್ರಿ," ಎಂದ.