ಎರಡು ಜಡೆಯ ಬೊಂಬೆ

ದೀಪಾಲಿಯ ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ. ಆದರೂ ಉಳಿದ ಎಂಟರಲ್ಲಿ ಆಕೆ ಮಾಡುವ ಕೆಲಸವನ್ನು ಹತ್ತೂ ಸರಿಯಾಗಿರುವ ಹೆಂಗಸರು ಮಾಡಲಾರರು, ಬಸವಕಲ್ಯಾಣದಲ್ಲಿ ಯಾರನ್ನು ಬೇಕಾದರೂ ಕೇಳಿ. ಬಣ್ಣ ಹೋದ ಬಳೆಗೆ ರೇಷ್ಮೆ ದಾರ ಸುತ್ತಿ ಹೊಸದು ಮಾಡುತ್ತಾಳೆ. ಬಟ್ಟೆ ಅಂಗಡಿಯವರು ಎಸೆದ ರಟ್ಟಿನ ಕೊಳವೆಗೆ ಮಖಮಲ್ಲು ಅಂಟಿಸಿ ಬಳೆ ಸ್ಟ್ಯಾಂಡು ನಿಲ್ಲಿಸುತ್ತಾಳೆ. ಹಳೆಯ ಸೀರೆಗಳ ಅಂಚು ಕೂಡಿಸಿ ಹೊಸ ಸೀರೆ ಇಡುವ ಕವರು ಹೊಲಿಯುತ್ತಾಳೆ. ಕುಲ್ಸುಮ್ ಬೀಯ ಮನೆಯ ಹಿಂದಿನ ಒಂದು ಬಾಡಿಗೆ ಕೋಣೆಯೇ ಅವಳ ಮನೆ, ಅವಳ ಅಂಗಡಿ, ಎಲ್ಲ.

ಮಾಡುವುದೆಲ್ಲ ಹೆಚ್ಚಾಗಿ ರುಖವತಕ್ಕೆ. ಈ ಕಡೆಯ ಲಗ್ನಗಳಲ್ಲಿ ಮಂಟಪದ ಪಕ್ಕ ಮೇಜು ಹಾಕಿ, ಮದುಮಗಳು ತನ್ನ ಕೈಯಾರೆ ಮಾಡಿದ ಸಾಮಾನು ಜೋಡಿಸಿಡುತ್ತಾರಲ್ಲ, ಅದೇ ರುಖವತ. ಗಂಡಿನ ಕಡೆಯವರು ಬಂದು ಒಂದೊಂದನ್ನೇ ಎತ್ತಿ, ತಿರುಗಿಸಿ, ಹೊಲಿಗೆಯ ಹಿಂಬದಿ ನೋಡಿ ಹುಡುಗಿಯ ಕೈ ಎಂಥದೆಂದು ಅಳೆಯುತ್ತಾರೆ. ಈಗಿನ ಹುಡುಗಿಯರ ಕೈಗೆ ಮೊಬೈಲು ಬಿಟ್ಟು ಬೇರೇನನ್ನೂ ಹಿಡಿದು ರೂಢಿಯಿಲ್ಲ, ಅಳೆಯುವವರ ಕಣ್ಣು ಮಾತ್ರ ಅಜ್ಜಿಯ ಕಾಲದ್ದೇ. ಹಾಗಾಗಿ ತಾಯಂದಿರು ಮುಖಕ್ಕೆ ಸೆರಗು ಮುಚ್ಚಿಕೊಂಡು ದೀಪಾಲಿಯ ಹತ್ತಿರ ಬರುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಯಾರ ಕೈ, ಯಾರ ಬಾಯಿ ಎಂದು ಆ ಗಾದೆ ಕಟ್ಟಿದ ಪುಣ್ಯಾತ್ಮ ಹೇಳಿ ಹೋಗಲಿಲ್ಲ.

ರಾಜೇಶ್ವರದ ಗಯಾಬಾಯಿಯೂ ಹಾಗೆಯೇ ಬಂದಳು, ಮಗಳು ಮನಿಷಾಳನ್ನು ಜೊತೆಗೆ ಕರೆದುಕೊಂಡು. ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ. ಒಳಗೆ ಕಾಲಿಡುತ್ತಲೇ ಗೋಡೆಗೆ ತೂಗುಹಾಕಿದ ಮಣಿಯ ತೋರಣ ನೋಡಿ ಬಾಯಿ ತೆರೆದು ನಿಂತಳು.

“ಇಪ್ಪತ್ತೊಂದು ಸಾಮಾನು ಬೇಕ್ರಿ,” ಎಂದಳು ಗಯಾಬಾಯಿ. “ಮಾಡಿದವರು ನೀವು ಅಂತ ನೊಣಕ್ಕೂ ಗೊತ್ತಾಗಬಾರ್ದು. ಈ ಹುಡುಗಿಗಿ ನಾಲ್ಕು ಮಾತು ಕಲಿಸ್ರಿ. ಯಾರರ ಕೇಳಿದ್ರ ಹ್ಯಾಂಗ ಮಾಡಿದೆ ಅಂತ ಹೇಳಾಕ ಬರಬೇಕು.”

“ಆಗ್ಲಿರಿ. ಮಣಿಲೆ ಹೆಸರು ಬರೀಬೇಕಲ್ರಿ, ಹುಡುಗನ ಹೆಸರೇನು?”

“ಶ್ರೀಮಂತ. ಹುಮನಾಬಾದದಾಗ ಬಟ್ಟಿ ಅಂಗಡಿ ಅದ. ಎರಡನೇ ಸಂಬಂಧ ಖರೆ, ಮಗರ್ ಒಳ್ಳೆ ಮನಿ. ಮೊದಲನೇಕಿಗೆ ತಲಿ ಸರಿ ಇರಲಿಲ್ಲಂತ. ತವರಿಗಿ ಕಳಿಸಿಬಿಟ್ಟಾರ.”

ತಲೆ ಸರಿ ಇಲ್ಲದ ಆ ಹೆಂಗಸು ಚಾಪೆ ಹಾಸಿದಳು, ಕೂಡ್ರಿ ಎಂದಳು, ಚಹಾ ಕುಡಿಯುತ್ತೀರೇನು ಎಂದೂ ಕೇಳಿದಳು. ಗಯಾಬಾಯಿ ಚಹಾ ಕುಡಿದು, ಸಕ್ಕರೆ ಕಡಿಮೆಯಾಯಿತು ಎಂದು ಹೇಳಿ ಹೋದಳು.

ಹೌದು, ಮೊದಲನೆಯವಳು ಇವಳೇ. ಐದು ವರ್ಷ ಆ ಮನೆಯಲ್ಲಿ ಬಾಳಿದ್ದಳು. ಒಂದು ದಿನ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಗಂಡನ ಮಾತಿಗೆ ಎದುರಾಡಿದಳು. ಮನೆಗೆ ಬಂದ ಮೇಲೆ ಶ್ರೀಮಂತ ಒಂದು ಮಾತೂ ಆಡಲಿಲ್ಲ. ಅವಳ ಬಲಗೈ ಹಿಡಿದು ಕಬ್ಬಿಣದ ಅಲಮಾರಿಯ ಬಾಗಿಲ ಸಂದಿಯಲ್ಲಿಟ್ಟು, ಬಾಗಿಲು ಹಾಕಿದ. ಮುರಿದ ಎರಡು ಬೆರಳು ಕೂಡಿಕೊಂಡರೂ ಮಡಚದೆ ಹೋದವು. ರೊಟ್ಟಿ ತಟ್ಟಲು ಬಾರದ ಕೈ ಯಾರಿಗೆ ಬೇಕು ಎಂದು ಅತ್ತೆ ಸಖುಬಾಯಿ ಅವಳನ್ನು ಮಂಠಾಳದ ತವರಿಗೆ ಕಳಿಸಿದಳು, ಅಣ್ಣ ಅಲ್ಲಿಂದ ಬಸವಕಲ್ಯಾಣಕ್ಕೆ ಸಾಗಹಾಕಿದ. ಮೂರು ವರ್ಷದ ಮಗಳು ಮೇಘಾ ಮಾತ್ರ ಹುಮನಾಬಾದದಲ್ಲೇ ಉಳಿದಳು.

ಯಾಕೆ ಉಳಿದಳೆಂದರೆ, ಕೂಸೂ ಹೋದರೆ ಮನೆಯವರದೇ ತಪ್ಪೆಂದು ಮಂದಿ ಅಂದುಕೊಳ್ಳುತ್ತಾರೆ, ಆಮೇಲೆ ಈ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದು ಸಖುಬಾಯಿ ಪಂಚರ ಮುಂದೆ ಎದೆ ಬಡಿದುಕೊಂಡಳು. ಪಂಚರು ಕಾಗದ ಮಾಡಿಸಿದರು: ಶ್ರೀಮಂತನಿಗೆ ಇನ್ನೊಂದು ಲಗ್ನವಾಗುವವರೆಗೆ ಕೂಸು ಅಜ್ಜಿಯ ಹತ್ತಿರ ಇರಲಿ, ಲಗ್ನದ ಐದನೇ ದಿನ ತಾಯಿ ಬಂದು ಒಯ್ಯಲಿ. ಅಲ್ಲಿಯವರೆಗೆ ತಾಯಿ ಆ ಹೊಸ್ತಿಲ ಕಡೆ ಸುಳಿಯಬಾರದು. ಎಂಥ ನ್ಯಾಯವಂತರು ನೋಡಿ. ಹದಿನಾಲ್ಕು ತಿಂಗಳಿಂದ ದೀಪಾಲಿ ಆ ಹಾಳು ಗಂಡಸಿಗೆ ಲಗ್ನವಾಗಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿಯುತ್ತ ಬಂದಿದ್ದಳು. ಈಗ ಆ ಲಗ್ನದ ಸಾಮಾನು ಅವಳ ಮಡಿಲಿಗೇ ಬಂದು ಬಿದ್ದಿತ್ತು.

ಮನಿಷಾ ದಿನ ಬಿಟ್ಟು ದಿನ ಪಾಠಕ್ಕೆ ಬರತೊಡಗಿದಳು. ಸೂಜಿಗೆ ದಾರ ಪೋಣಿಸಲು ಬಾರದ ಹುಡುಗಿ. ಗೋಂದು ಹಚ್ಚಲು ಹೋಗಿ ಕುಂದನ್ ಕಲ್ಲುಗಳನ್ನು ತನ್ನ ಮೊಣಕೈಗೇ ಅಂಟಿಸಿಕೊಂಡು ನಗುವವಳು. ನಗುತ್ತಿದ್ದಳು ಎಂದರೆ, ಕುಲ್ಸುಮ್ ಬೀ ಮುಂದಿನ ಕೋಣೆಯಿಂದ ಎದ್ದು ಬಂದು ಏನಾಯಿತು ಎಂದು ನೋಡುವಷ್ಟು.

“ನಗೂದು ಸಾಕು,” ಎನ್ನುತ್ತಿದ್ದಳು ದೀಪಾಲಿ. “ಅತ್ತಿ ಕೇಳ್ತಾಳ, ಇದು ಯಾರು ಮಾಡಿದ್ದು. ಏನಂತಿ?”

“ನಾನೇ ಮಾಡೀನ್ರಿ ಅಂತೀನಿ.”

“ನೆಲ ನೋಡಬ್ಯಾಡ. ಕಣ್ಣಾಗ ಕಣ್ಣಿಟ್ಟು ಹೇಳು. ‘ನಾನೇ ಮಾಡೀನ್ರಿ, ನನ್ನ ಕೈಲೆ.’ ಇನ್ನೊಮ್ಮಿ ಹೇಳು.”

ಹುಡುಗಿ ಹೇಳುತ್ತಿದ್ದಳು. ಗಿಣಿಗೆ ಕಲಿಸಿದಂತೆ ಹದಿನೈದು ದಿನ ಕಲಿಸಿದ ಮೇಲೆ ಎಷ್ಟು ಚೆನ್ನಾಗಿ ಹೇಳತೊಡಗಿದಳೆಂದರೆ, ಕೇಳಿದವರು ನಂಬದೆ ಇರುವುದು ಸಾಧ್ಯವಿರಲಿಲ್ಲ.

ಒಂದು ದಿನ ಅವಳು ದೀಪಾಲಿಯ ಕೈ ತನ್ನ ಕೈಯಲ್ಲಿ ತೆಗೆದುಕೊಂಡು ಆ ಎರಡು ಬೆರಳು ಸವರಿದಳು. “ಅಕ್ಕಾ, ಇವಕ್ಕ ಏನಾಗ್ಯಾದ್ರಿ?”

“ಅಲಮಾರಿ ಬಾಗಲದಾಗ ಸಿಕ್ಕಿದ್ದವು.”

“ಅಯ್ಯ ಪಾಪ. ನೋಡಿ ಹಾಕಬೇಕಲ್ಲ ಅಕ್ಕಾ ಬಾಗಲ.”

ದೀಪಾಲಿ ಕೈ ಹಿಂದಕ್ಕೆ ಎಳೆದುಕೊಂಡು, ಹೌದು, ನೋಡಿ ಹಾಕಬೇಕು ಎಂದಳು. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ.

ಹುಡುಗಿ ಹೋದ ಮೇಲೆ ಕುಲ್ಸುಮ್ ಬೀ ಬಾಗಿಲಲ್ಲಿ ನಿಂತಳು. ದೀಪಾಲಿಯ ಕಥೆ ತಲೆಯಿಂದ ಬುಡದವರೆಗೆ ಗೊತ್ತಿದ್ದವಳು ಆಕೆ ಒಬ್ಬಳೇ.

“ಬೇಟಿ, ಆ ಹುಡುಗಿಗಿ ಹೇಳ್ತಿಯೋ ಇಲ್ಲೋ?”

“ಹೇಳಿದ್ರ ಲಗ್ನ ಮುರೀತದ ಖಾಲಾ. ಮುರಿದ್ರ ನನ್ನ ಮಗಳು ನನಗ ಸಿಗಂಗಿಲ್ಲ.”

“ಅಕಿನೂ ಒಬ್ಬ ತಾಯಿ ಮಗಳೇ ಹೌದಲ್ಲ.”

“ಅಕಿಗಿ ತಾಯಿ ಅದಾಳ, ಅಕಿ ನೋಡ್ಕೋತಾಳ. ಮೇಘಾಗ ಯಾರದಾರ?”

ಕುಲ್ಸುಮ್ ಬೀ ಮುಂದಿನ ಕೋಣೆಗೆ ಹೋದಳು. ದೀಪಾಲಿಗೆ ಸಂಕಟವಾಗಲಿಲ್ಲವೆಂದಲ್ಲ, ಆಯಿತು. ಆದರೆ ಹೊಟ್ಟೆಯ ಕೂಸಿನ ಸಂಕಟದ ಮುಂದೆ ಊರವರ ಕೂಸಿನದು ಎಷ್ಟು ಹೊತ್ತು ನಿಲ್ಲುತ್ತದೆ? ಅವಳು ಇನ್ನಷ್ಟು ಜೋರಾಗಿ ಕೆಲಸಕ್ಕೆ ಬಿದ್ದಳು. ಬಳೆ ಸ್ಟ್ಯಾಂಡು ಮೂರಂತಸ್ತಿನದಾಯಿತು, ಸೀರೆ ಕವರುಗಳಿಗೆ ಜರಿ ಗೋಟಿನ ಅಂಚು ಬಂತು, ಕಿವಿಯೋಲೆ ಸಿಕ್ಕಿಸುವ ಚೌಕಟ್ಟಿಗೆ ಚಮಕಿಯ ನವಿಲು ಕೂತಿತು. ಈ ರುಖವತ ನೋಡಿ ಸಖುಬಾಯಿ ಕೊಸರಬಾರದು, ಲಗ್ನ ಒಂದು ಎಳೆಯಷ್ಟೂ ಅಲುಗಬಾರದು.

ಇಪ್ಪತ್ತು ಮುಗಿದವು. ಇಪ್ಪತ್ತೊಂದನೆಯದನ್ನು ಮಾಡುವಾಗ ಅವಳ ಬುದ್ಧಿಗೆ ಮಂಕು ಬಡಿಯಿತು.

ಮನಿಷಾ ಆ ದಿನ ಸುಮ್ಮನೆ ಹೇಳಿದ್ದಳು: “ಆ ಮನ್ಯಾಗ ಒಂದು ಸಣ್ಣ ಹುಡುಗಿ ಅದ ಅಕ್ಕಾ. ಯಾರ ಕೂಡನೂ ಮಾತಾಡಂಗಿಲ್ಲಂತ. ತಲಿ ಬಾಚಾಕ ಹೋದ್ರ ಚೀರ್ತದಂತ.” ಮೇಘಾಳ ತಲೆ ಬಾಚುತ್ತಿದ್ದವಳು ದೀಪಾಲಿ ಒಬ್ಬಳೇ. ಅವಳು ಪೆಟ್ಟಿಗೆಯ ತಳದಿಂದ ತನ್ನ ಹಳೆಯ ಹಸಿರು ಸೀರೆ ತೆಗೆದಳು. ಅದರ ಸೆರಗು ಬಾಯಲ್ಲಿಟ್ಟುಕೊಂಡೇ ಕೂಸು ನಿದ್ದೆ ಹೋಗುತ್ತಿತ್ತು. ಆ ಸೆರಗು ಕತ್ತರಿಸಿ ಅಂಗೈಯಗಲದ ಬೊಂಬೆಗೆ ಲಂಗ ಹೊಲಿದಳು, ಕಪ್ಪು ಉಲ್ಲನ್ ದಾರದಿಂದ ಮೊಳದುದ್ದದ ಎರಡು ಜಡೆ ಹೆಣೆದಳು. ಗೋಡೆಗೆ ತೂಗುಹಾಕಿ ಜಡೆಗೆ ಕ್ಲಿಪ್ಪುಗಳನ್ನು ಸಿಕ್ಕಿಸಿಡುವ ಬೊಂಬೆ ಅದು. ತಾನು ಕಳಿಸಿದ್ದನ್ನೆಲ್ಲ ಸಖುಬಾಯಿ ತಿಪ್ಪೆಗೆ ಎಸೆಯುತ್ತಾಳೆ, ಮದುಮಗಳ ರುಖವತವನ್ನು ಎಸೆಯುವುದಿಲ್ಲವಲ್ಲ. ಐದು ದಿನವಾದರೂ ಮೊದಲೇ ತಾಯಿಯ ವಾಸನೆ ಮಗಳಿಗೆ ಮುಟ್ಟಲಿ. ಅಷ್ಟೇ ಅವಳ ಆಸೆ.

“ಇದು ಯಾರಿಗರಿ?” ಎಂದು ಕೇಳಿದ ಗಯಾಬಾಯಿಗೆ, “ಆ ಕೂಸಿಗಿ. ಮಂದಿ ಖುಷಿ ಆಗ್ತಾರ,” ಎಂದಳು. ಮಂದಿ ಬಹಳ ಖುಷಿಯಾದರು.

ಲಗ್ನ ಬಸವಕಲ್ಯಾಣದಲ್ಲೇ ಆಯಿತು. ಬಾಜಾ ಕೋಣೆಯವರೆಗೂ ಕೇಳಿಸುತ್ತಿತ್ತು. ದೀಪಾಲಿ ಬಾಗಿಲು ಹಾಕಿಕೊಂಡು ಮಗಳಿಗೆ ಕೆಂಪು ಫ್ರಾಕು ಹೊಲಿದಳು. ಐದನೇ ದಿನ ಬೆಳಿಗ್ಗೆ ಅದನ್ನು ಚೀಲದಲ್ಲಿಟ್ಟುಕೊಂಡು ಹುಮನಾಬಾದದ ಬಸ್ಸು ಹತ್ತಿದಳು.

ಬಾಗಿಲು ತೆರೆದವಳು ಸಖುಬಾಯಿ. “ಬಂದ್ಯಾ? ಹೊರಗೇ ನಿಂದ್ರು,” ಎಂದಳು. ಹಿಂದೆ ಪಡಸಾಲೆಯಲ್ಲಿ ಶ್ರೀಮಂತ ಚಹಾ ಕುಡಿಯುತ್ತಿದ್ದ, ತಲೆ ಎತ್ತಲಿಲ್ಲ.

“ಮಗಳಿಗಿ ಒಯ್ಯಾಕ ಬಂದೀನ್ರಿ. ಐದನೇ ದಿನ.”

“ಯಾವ ಮಗಳು? ಲಗ್ನದಾಗ ಏನಾತು ಯಾರೂ ಹೇಳಿಲ್ಲೇನು ನಿನಗ?” ಸಖುಬಾಯಿ ಬಾಗಿಲಿಗೆ ಒರಗಿ ನಿಂತಳು, ಹೇಳುವುದರಲ್ಲಿ ಆಕೆಗೆ ಬೆಲ್ಲ ತಿಂದಷ್ಟು ಸುಖವಾಗುತ್ತಿತ್ತು. “ರುಖವತದಾಗ ಮಂದಿ ಎಲ್ಲಾ ಬಿಟ್ಟು ಒಂದು ಬೊಂಬಿನೇ ನೋಡಿದ್ರು. ಯಾರಿಗಿ ಇದು ಅಂತ ಪಂಚರು ಕೇಳಿದ್ರು. ‘ನಮ್ಮ ಮೇಘಾಗ್ರಿ, ನಾನೇ ಮಾಡೀನ್ರಿ, ನನ್ನ ಕೈಲೆ’ ಅಂದಳು ಸೊಸಿ, ಅವರ ಕಣ್ಣಾಗ ಕಣ್ಣಿಟ್ಟು. ಪಂಚರು ಕಣ್ಣೀರು ಒರಸಿಕೊಂಡ್ರು. ಇಂಥ ತಾಯಿ ಬಂದ ಮ್ಯಾಲ ಕೂಸಿಗಿ ಎಲ್ಲಿಗಿ ಕಳಸ್ತೀರಿ ಅಂದ್ರು. ಕಾಗದ ಅಲ್ಲೇ ಹರದ್ರು.”

ಅಷ್ಟರಲ್ಲಿ ಒಳಗಿಂದ ಮನಿಷಾ ಬಂದಳು, ಕೈತುಂಬ ಹಸಿರು ಬಳೆ, ಹಣೆಯಲ್ಲಿ ಇನ್ನೂ ಅರಿಶಿನದ ಬಣ್ಣ. ಅವಳ ಸೆರಗು ಹಿಡಿದುಕೊಂಡು ಮೇಘಾ ಬಂದಳು. ಕೂಸಿನ ಇನ್ನೊಂದು ಕೈಯಲ್ಲಿ ಬೊಂಬೆ. ಎರಡೂ ಜಡೆಗೆ ಸಾಲಾಗಿ ಕ್ಲಿಪ್ಪು ಸಿಕ್ಕಿಸಿದ್ದರು, ಹಸಿರು ಲಂಗದ ತುದಿ ಜೊಲ್ಲಿನಿಂದ ಒದ್ದೆಯಾಗಿತ್ತು.

“ಅಕ್ಕಾ,” ಎಂದು ಖುಷಿಯಿಂದ ಕರೆದ ಮನಿಷಾ ಅಲ್ಲೇ ನಿಂತಳು. ಅತ್ತೆಯ ಮುಖ ನೋಡಿದಳು, ದೀಪಾಲಿಯ ಮಡಚದ ಬೆರಳು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಆದರೂ ಒಳಗೆ ಓಡಿ ಒಂದು ತಂಬಿಗೆ ನೀರು ತಂದು ಕೈಗಿಟ್ಟು, ಮೆಲ್ಲಗೆ, “ನಾ ಚಂದ ನೋಡ್ಕೋತೀನಕ್ಕಾ. ನನ್ನ ಕೂಡ ಹೊಂದಿಕೊಂಡಾದ. ಬೊಂಬಿ ಕೊಟ್ಟ ದಿನದಿಂದ ನನ್ನ ಬಿಟ್ಟು ಇರಂಗಿಲ್ಲ,” ಎಂದಳು.

ದೀಪಾಲಿ ಮಗಳ ಕಡೆ ಕೈ ಚಾಚಿದಳು. ಮೇಘಾ ಮನಿಷಾಳ ಹಿಂದೆ ಸರಿದು ನಿಂತಳು. ಸಾಂತ್ವನಕ್ಕೆಂದು ಆ ಹುಡುಗಿ ಆಡಿದ ಮಾತು ದೀಪಾಲಿಯ ಹೊಟ್ಟೆಗೆ ಕೊಳ್ಳಿ ಇಟ್ಟಂತಾಗಿತ್ತು. ತನ್ನ ಸೀರೆ, ತನ್ನ ದಾರ, ತನ್ನ ಎಂಟು ಬೆರಳು, ಈಗ ತನ್ನ ಮಗಳೂ.

“ಆ ಬೊಂಬಿ ನಾ ಮಾಡಿದ್ದು,” ಎಂದಳು. ಬೀದಿಗೆಲ್ಲ ಕೇಳುವಂತೆ ಹೇಳಿದಳು. “ಇಪ್ಪತ್ತೊಂದೂ ನಾ ಮಾಡಿದ್ದು. ಅಕಿಗಿ ಸೂಜಿ ಪೋಣಿಸಾಕ ಬರಂಗಿಲ್ಲ. ಪಂಚರ ಮುಂದ ಸುಳ್ಳ ಹೇಳ್ಯಾಳ. ಆ ಲಂಗ ನೋಡ್ರಿ ಅತ್ತಿ, ಅದು ನನ್ನ ಹಸಿರು ಸೀರಿ.”

ಸಖುಬಾಯಿ ಕೂಸಿನ ಕೈಯಿಂದ ಬೊಂಬೆ ಕಸಿದು ಬೆಳಕಿಗೆ ಹಿಡಿದಳು. ಆ ಸೀರೆ ಆಕೆಗೆ ಚೆನ್ನಾಗಿ ಗೊತ್ತಿತ್ತು. ಮನಿಷಾ ನೆಲ ನೋಡಿದಳು. ಶ್ರೀಮಂತ ಚಹಾದ ಬಟ್ಟಲು ಕೆಳಗಿಟ್ಟು, ಸದ್ದಿಲ್ಲದೆ ಎದ್ದು ನಿಂತ. ಅವನು ಹಾಗೆ ಸದ್ದಿಲ್ಲದೆ ಏಳುವುದನ್ನು ದೀಪಾಲಿ ಮೊದಲು ನೋಡಿದ್ದಳು.

“ನಾಲ್ಕು ಮಂದ್ಯಾಗ ನಮ್ಮ ಇಜ್ಜತ್ ಕಳದಿ,” ಎಂದಳು ಸಖುಬಾಯಿ ಸೊಸೆಗೆ. “ನಡಿ ಒಳಗ.”

“ಅಕ್ಕಾ,” ಎಂದಳು ಮನಿಷಾ. ಶ್ರೀಮಂತ ಅವಳ ರಟ್ಟೆ ಹಿಡಿದು ಒಳಗೆ ಕರೆದೊಯ್ದ.

“ಈಗ ನನ್ನ ಮಗಳಿಗಿ ಕೊಡ್ರಿ. ಅಕಿ ಮಾಡಿಲ್ಲ ಅಂತ ಪಂಚರಿಗಿ ಹೇಳ್ರಿ.”

“ಪಂಚರಿಗಿ ಹೇಳಿ ನಮ್ಮ ಮಾರಿಗಿ ನಾವೇ ಮಸಿ ಬಳಕೊಳ್ಳೂನೇನು?” ಸಖುಬಾಯಿ ಒಳಗೆ ಹೋಗಿ ಬಂದಳು, ಎರಡು ಸಲ, ಮೂರು ಸಲ. ಬಳೆ ಸ್ಟ್ಯಾಂಡು, ಸೀರೆ ಕವರು, ನವಿಲಿನ ಚೌಕಟ್ಟು, ಮಣಿಯ ತೋರಣ ಎಲ್ಲ ಮೆಟ್ಟಿಲ ಮೇಲೆ ಬಿದ್ದವು. ಕಡೆಗೆ ಬೊಂಬೆ ಬಿತ್ತು. “ನೀ ಮಾಡಿದ್ದೆಲ್ಲಾ ನೀ ಒಯ್ಯಿ. ಒಂದೂ ಬಿಡಬ್ಯಾಡ. ಕೂಸು ನಮ್ಮ ಮನಿದು.”

ಬಾಗಿಲು ಹಾಕಿಕೊಂಡಿತು. ಒಳಗೆ ಮೇಘಾ ಅಳತೊಡಗಿದಳು. ಅವ್ವ ಎಂದು ಅಳುತ್ತಿರಲಿಲ್ಲ, ನನ್ನ ಬೊಂಬಿ ಎಂದು ಅಳುತ್ತಿದ್ದಳು. ದೀಪಾಲಿ ಬೊಂಬೆ ಎತ್ತಿಕೊಂಡು ಕಿಟಕಿಗೆ ಓಡಿದಳು. ಕಿಟಕಿಯೂ ಹಾಕಿತ್ತು. ಆಗ ಆ ಮನೆಯ ಕಬ್ಬಿಣದ ಅಲಮಾರಿಯ ಬಾಗಿಲು ಹಾಕಿದ ಸದ್ದು ಕೇಳಿತು, ಅದರ ಹಿಂದೆಯೇ ಒಂದು ಹೆಣ್ಣಿನ ಚೀರಾಟ. ಮೂರು ವಾರ ತನ್ನ ಕೋಣೆ ತುಂಬಿದ್ದ ಗಂಟಲು ಅದು, ಗುರುತು ಹಿಡಿಯಲು ಕಷ್ಟವಾಗಲಿಲ್ಲ. ದೀಪಾಲಿ ಎರಡೂ ಕೈಯಿಂದ ಬಾಗಿಲು ಬಡಿದಳು. ಯಾರೂ ತೆರೆಯಲಿಲ್ಲ.

ಎಷ್ಟು ಹೊತ್ತು ಬಡಿದಳೋ. ಎದುರು ಮನೆಯವರು ಬಂದು, ಹೋಗವ್ವ, ಸಾಕು ಎಂದರು. ಅವಳು ಸೀರೆ ಕವರಿನಲ್ಲಿ ಸಾಮಾನು ತುಂಬಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಮಡಿಲಲ್ಲಿದ್ದ ಬೊಂಬೆ ನೋಡಿದಳು. ಜಡೆಯಲ್ಲಿ ಮೇಘಾಳ ಕ್ಲಿಪ್ಪುಗಳು ಹಾಗೆಯೇ ಇದ್ದವು.

“ಎಷ್ಟು ಚಂದ ಅದ. ಯಾರು ಮಾಡಿದ್ದುರಿ ಇದು?”

ದೀಪಾಲಿ ಆ ಹೆಂಗಸಿನ ಕಣ್ಣಲ್ಲಿ ಕಣ್ಣಿಟ್ಟಳು.

“ನಾನೇ ಮಾಡೀನ್ರಿ,” ಎಂದಳು, “ನನ್ನ ಕೈಲೆ.”