ಹಾಡು ಮುಗೀಲಿ, ಏಳ್ತೀನಿ

ಸ್ವಲ್ಪ ಇಲ್ಲಿ ಕೇಳಿ. ಕೈಯಲ್ಲಿರುವ ಕೆಲಸ ಪಕ್ಕಕ್ಕಿಡಿ, ನಡುವೆ ಮಾತ್ರ ಎದ್ದು ಹೋಗಬೇಡಿ. ಅರ್ಧಕ್ಕೆ ನಿಂತದ್ದು ಏನೇನು ಮಾಡುತ್ತದೆ ಅನ್ನುವುದೇ ಈ ಕತೆ.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಹುಡುಗಿಯೊಬ್ಬಳಿದ್ದಳು. ಅವಳಿಗೆ ತುಣುಕಿ ಅಂತ ಹೆಸರಿಟ್ಟವನು ಬೀದಿಯ ವಾದ್ಯತಂಡದಲ್ಲಿ ಡ್ರಮ್ ಬಾರಿಸುವ ಮೆಕ್ಯಾನಿಕ್. ಸುಮ್ಮನೆ ಇಟ್ಟದ್ದಲ್ಲ. ಯಾರೋ ಬಳಸಿ ಬಿಟ್ಟ ಬೇಸ್ ಗಿಟಾರನ್ನು ತಂದು, ಅದರ ದಪ್ಪ ತಂತಿಗಳ ಮೇಲೆ ಬೆರಳು ಬೊಬ್ಬೆ ಬರುವಷ್ಟು ತಿಕ್ಕಿ, ಹುಡುಗಿ ಹತ್ತಾರು ಹಾಡು ಕಲಿತಿದ್ದಳು. ಆದರೆ ಎಲ್ಲವೂ ತುಣುಕು! ಒಂದರ ಶುರು, ಇನ್ನೊಂದರ ಪಲ್ಲವಿ, ಮತ್ತೊಂದರ ನಡುವಿನ ಚಂದದ ತಿರುವು. ಚರಣಕ್ಕೆ ಬಂದರೆ ಬೆರಳು ದಾರಿ ತಪ್ಪುತ್ತಿತ್ತು. ನಿಲ್ಲಿಸುತ್ತಿದ್ದಳು. ಮತ್ತೆ ಮೊದಲಿಂದ.

"ಆರಂಭಶೂರಿ ಕಣೇ ನೀನು," ಎಂದ ಮೆಕ್ಯಾನಿಕ್, ಗ್ರೀಸ್ ಕೈ ಒರೆಸುತ್ತ. "ಬೇಸ್ ಅಂದ್ರೆ ಪಾಯ ಇದ್ದಂಗೆ. ಅರ್ಧ ಪಾಯದ ಮೇಲೆ ಯಾರಾದ್ರೂ ಮಹಡಿ ಕಟ್ತಾರಾ?"

"ಕೈ ತಪ್ಪಿಬಿಡುತ್ತೆ ಅಣ್ಣಾ, ಏನ್ ಮಾಡ್ಲಿ?"

"ತಪ್ಪಲಿ ಬಿಡು, ಯಾರ ಗಂಟೇನು ಹೋಗುತ್ತೆ? ನಿಲ್ಲಿಸ್ಬೇಡ ಅಷ್ಟೇ. ಚಮತ್ಕಾರ ಎಲ್ಲ ಬಿಟ್ಟು ಒಂದೇ ಸ್ವರ ಹಿಡ್ಕೊಂಡು ಹೋಗು. ನಾನು ಒಂದು, ಎರಡು ಅಂತ ಎಣಿಸ್ತೀನಲ್ಲ, ಮುಂದಿನ 'ಒಂದು' ಬಂದಾಗ ಸೇರ್ಕೋ. ಭಾನುವಾರ ವೇದಿಕೆ ಹತ್ತೋದು. ಅಷ್ಟರಲ್ಲಿ ಪೂರ್ತಿ ಒಂದು ಹಾಡು ಬರ್ಲಿಲ್ಲ ಅಂದ್ರೆ ನೀನು ನಮ್ ಜೊತೆ ಇಲ್ಲ. ಆಮೇಲೆ ಮೂಗು ಸೊರ ಸೊರ ಅನ್ನಿಸ್ಬೇಡ."

ಅವಳು ಆರಿಸಿದ್ದು ಅಮ್ಮನ ಹಾಡು.

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು, ಕಾಲಲ್ಲಿ ತುಳಿಯುವ ಮಶೀನಿನಲ್ಲಿ. ರೇಡಿಯೋದಲ್ಲಿ ಆ ಹಾಡು ಬಂತೆಂದರೆ ಮನೆ ಮುಳುಗಿದರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕರೆದರೆ ಒಂದೇ ಮಾತು: "ಹಾಡು ಮುಗೀಲಿ, ಏಳ್ತೀನಿ." ಹೋದ ವರ್ಷ ಒಂದು ಮಧ್ಯಾಹ್ನ ಅಪ್ಪನ ನೀಲಿ ಅಂಗಿಯ ತೋಳು ಹೊಲಿಯುತ್ತಿದ್ದಾಗ ಅದೇ ಹಾಡು ಬಂತು. ನಡುವೆ ಕರೆಂಟ್ ಹೋಯಿತು. ಹಾಡೂ ನಿಂತಿತು, ಕರೆಂಟು ಬೇಡದ ಮಶೀನೂ ನಿಂತಿತು. ಅಪ್ಪ ಒಳಗೆ ಬಂದು ನೋಡಿದರೆ ಅಮ್ಮ ಬಟ್ಟೆಯ ಮೇಲೆ ತಲೆಯಿಟ್ಟಿದ್ದಳು. ಮತ್ತೆ ಎತ್ತಲಿಲ್ಲ.

ಅಂಗಿ ಇನ್ನೂ ಸೂಜಿಯ ಕೆಳಗೇ ಇತ್ತು. ಹೊಲಿಗೆ ಮೊಣಕೈಯವರೆಗೆ ಬಂದು ನಿಂತಿತ್ತು. ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಆ ಕೋಣೆಯಲ್ಲೇ ತುಣುಕಿಯ ಅಭ್ಯಾಸ. ದಪ್ಪ ತಂತಿ ಮೀಟಿದರೆ ಸಾಕು, ಮಶೀನು ಗಿರ್ರೆಂದು ನಡುಗುತ್ತಿತ್ತು. "ಬೇಸಿಗೆ ಪಾತ್ರೆಪಗಡಿ ಎಲ್ಲ ಕುಣಿಯುತ್ತೆ, ಸಂದಿಗೆ ಬಟ್ಟೆ ತುರುಕು," ಎಂದಿದ್ದ ಮೆಕ್ಯಾನಿಕ್. ಮಶೀನಿನ ಕಾಲಡಿ ತುರುಕಿದಳು. ನಡುಕ ನಿಂತಿತು. ಆ ಸಂಜೆ ಮೊದಲ ಬಾರಿಗೆ ಪಲ್ಲವಿ ದಾಟಿ ಒಂದು ಚರಣವನ್ನು ನಿಲ್ಲಿಸದೆ ಬಾರಿಸಿದಳು! ಕುಣಿಯಬೇಕೆನ್ನಿಸಿತು. ಎದ್ದವಳ ಕಣ್ಣು ಅಂಗಿಯ ಮೇಲೆ ಬಿತ್ತು.

ಹೊಲಿಗೆ ಮೊಣಕೈ ದಾಟಿತ್ತು.

"ಅಪ್ಪಾ, ಮಶೀನ್ ಮುಟ್ಟಿದ್ರಾ?"

"ನಾನಾ? ಸೂಜಿಗೆ ದಾರ ಪೋಣಿಸೋಕೂ ನಿಮ್ಮಮ್ಮನ್ನ ಕರೀತಿದ್ದೆ ಕಣಮ್ಮ," ಎನ್ನುತ್ತ ಅಪ್ಪ ಬಂದ. ಬಗ್ಗಿ ನೋಡಿದ. ನೆಲದ ಮೇಲೆ ಕುಕ್ಕರಿಸಿದ. "ಇನ್ನೊಂದ್ಸಲ ಬಾರಿಸು."

ಬಾರಿಸಿದಳು. ಯಾರೂ ತುಳಿಯದ ಪೆಡಲ್ ಮೇಲಕ್ಕೂ ಕೆಳಕ್ಕೂ ಆಡಿತು. ತಂತಿಯ ಮೇಲೆ ಕೈ ನಿಂತಾಗ ಅದೂ ನಿಂತಿತು.

ಅಪ್ಪ ಬಸ್ ಕಂಡಕ್ಟರ್. ದಿನವಿಡೀ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಜನರನ್ನು ತಳ್ಳುವವನು. ಆ ಮನುಷ್ಯ ಈಗ ಮಗಳ ಕೈ ಹಿಡಿದ. "ಮುಂದೆ ಹೋಗ್ಬೇಡ ಕಣಮ್ಮ. ಹಾಡು ಮುಗಿದ್ರೆ ನಿಮ್ಮಮ್ಮ ಎದ್ದು ಹೋಗ್ತಾಳೆ. ಇಷ್ಟರಲ್ಲೇ ಬಾರಿಸ್ತಾ ಇರು."

"ಇನ್ನೆಷ್ಟು ದಿನ ಅಪ್ಪಾ ಅಮ್ಮ ಕತ್ತು ಬಗ್ಗಿಸ್ಕೊಂಡು ಕೂತಿರ್ಬೇಕು?"

ಅಪ್ಪ ಅವಳ ಕೈ ಬಿಟ್ಟು ಎದ್ದು ಹೋದ.

ಶನಿವಾರ ಸಂಜೆ ಅವಳು ಕೂತಳು. ಅಪ್ಪ ಬಾಗಿಲಿಗೆ ಒರಗಿ ನಿಂತ. ಎರಡನೇ ಚರಣದಲ್ಲಿ ಬೆರಳು ತಪ್ಪಿತು, ಹಳೆಯ ಚಾಳಿಯಂತೆ ಕೈ ಹಿಂದಕ್ಕೆ ಓಡಲು ನೋಡಿತು. ಆದರೆ ಈ ಸಲ ಪೆಡಲ್ ನಿಲ್ಲಲಿಲ್ಲ. ಟಕ್, ಟಕ್, ಟಕ್ ಎಂದು ತಾಳ ಹಿಡಿದು ನಡೆಯುತ್ತಲೇ ಇತ್ತು, ಬಾ ಅಂತ ಕರೆದ ಹಾಗೆ. ಮುಂದಿನ 'ಒಂದಕ್ಕೆ' ಅವಳು ಸೇರಿಕೊಂಡಳು. ಪಲ್ಲವಿ ಮರಳಿ ಬಂತು. ಕೊನೆಯ ಸ್ವರ ಹಿಡಿದಳು, ಅದು ತಾನಾಗಿ ಆರುವವರೆಗೂ ಬಿಡಲಿಲ್ಲ.

ಚಕ್ರ ನಿಂತಿತು. ಅಮ್ಮನ ಸ್ಟೂಲು ಹಿಂದಕ್ಕೆ ಸರಿಯಿತು, ಯಾರೋ ಎದ್ದ ಹಾಗೆ. ಅಷ್ಟೇ.

ತೋಳು ಮಣಿಕಟ್ಟಿನವರೆಗೂ ಮುಗಿದಿತ್ತು. ಅಪ್ಪ ಅಂಗಿ ತೆಗೆದು ತೊಟ್ಟ, ಅಳತೆ ಅಚ್ಚುಕಟ್ಟು. ಕನ್ನಡಿಯೆದುರು ನಿಂತು ಒಮ್ಮೆ ನಕ್ಕ ಕೂಡ. ಅಬ್ಬ, ಎಲ್ಲ ಸರಿಹೋಯಿತು ಅಂದುಕೊಂಡು ತುಣುಕಿ ಮಲಗಿದಳು.

ಭಾನುವಾರ ಬೆಳಿಗ್ಗೆ ಗಿಟಾರ್ ತೆಗೆದುಕೊಳ್ಳಲು ಕೋಣೆಗೆ ಹೋದರೆ, ಅಪ್ಪ ಮಶೀನಿನ ಪಕ್ಕ ನೆಲದ ಮೇಲೆ ಕೂತಿದ್ದಾನೆ. ಕೈಯಲ್ಲಿ ಬ್ಲೇಡು. ಮಡಿಲ ತುಂಬ ನೀಲಿ ದಾರದ ಚೂರು. ತೋಳನ್ನು ಮೊಣಕೈಯವರೆಗೆ ಬಿಚ್ಚಿ, ಬಟ್ಟೆಯನ್ನು ಮತ್ತೆ ಸೂಜಿಯ ಕೆಳಗಿಟ್ಟು, ಸ್ಟೂಲನ್ನು ಒಳಕ್ಕೆ ಎಳೆದಿದ್ದಾನೆ.

"ಮೊದಲಿಂದ ಬಾರಿಸು ಮಗಳೇ," ಎಂದ, ಕೆಂಪು ಕಣ್ಣೆತ್ತಿ. "ಅರ್ಧ ಸಾಕು. ನಿನಗೆ ಅರ್ಧ ಬಾರಿಸೋದು ಹೊಸದಾ?"

ಹೊರಗೆ ಮೆಕ್ಯಾನಿಕ್ ಹಾರ್ನ್ ಒತ್ತಿದ. "ತುಣುಕೀ! ಎಲ್ಲರೂ ಕಾಯ್ತಿದಾರೆ ಬಾರೇ!"

ಅವಳು ಗಿಟಾರ್ ಹೆಗಲಿಗೇರಿಸಿದಳು. ತಂತಿಗೆ ಬೆರಳು ಇನ್ನೂ ತಾಗಿಲ್ಲ. ಅಷ್ಟರಲ್ಲೇ ಮಶೀನಿನ ಪೆಡಲ್ ಒಂದೇ ಒಂದು ಸಲ, ಮೆಲ್ಲಗೆ, ಕೆಳಗಿಳಿದು ಮೇಲೆ ಬಂತು. ಅಪ್ಪನ ಮುಖ ಅರಳಿತು.

ಬಾರಿಸಿದರೆ ಅಮ್ಮ ಮತ್ತೆ ಆ ಸ್ಟೂಲಿನ ಮೇಲೆ. ಬಾರಿಸದೆ ಹೊರಟರೆ ಅಪ್ಪ ಆ ನೆಲದ ಮೇಲೆ, ಕಾಯುತ್ತ. ಈಗ ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?