ಹದ್ದಿಗೆ ಹಾಕಿದ ಮಾಂಸ

ಹೆಬ್ಬಾಳದ ಕಡೆಯ ಕೆರೆಯೊಂದರ ಗೇಟಿನಲ್ಲಿ ಅರ್ಬಾಜ್ ಕಾವಲಿಗೆ ನಿಂತು ಕೆಲವು ತಿಂಗಳಾಗಿತ್ತು. ಸಂಬಳ ಯಾಕೆ ಬರುತ್ತದೆ ಎಂಬುದು ಮಾತ್ರ ಅವನ ತಲೆಗೆ ಹತ್ತಿರಲಿಲ್ಲ.

"ಹೊರದೇಶದ ಕಂಪನಿ ಕಣಪ್ಪ," ಎಂದಿದ್ದರು ಕೆರೆಯ ಯೋಜನೆ ನೋಡಿಕೊಳ್ಳುವ ನಂದಿತಾ ಮೇಡಂ. "ಅವರು ಎಲ್ಲೋ ಗಣಿಗೆ ಕಾಡು ಕಡೀತಾರೆ. ಅದಕ್ಕೆ ಬದಲಾಗಿ ಇಲ್ಲಿ ಹಕ್ಕಿ ಉಳಿಸೋಕೆ ದುಡ್ಡು ಕೊಡ್ತಾರೆ."

"ಅಲ್ಲಿನ್ ಹಕ್ಕಿ ಇಲ್ಲಿಗ್ ಬರ್ತಾವಾ ಮೇಡಂ?"

"ಇಲ್ಲಪ್ಪ."

"ಮತ್ತೆ?"

ಅಷ್ಟರಲ್ಲಿ ಅವರಿಗೆ ಫೋನ್ ಬಂದಿತ್ತು.

ಇವತ್ತು ಆ ಕಂಪನಿಯವರೇ ಕೆರೆ ನೋಡಲು ಬರುವವರಿದ್ದರು. ಇವತ್ತೇ ಅವನ ಅಮ್ಮ ಮೆಹಬೂಬ್ ಬೀ ಕರಿ ಕವರ್ ಹಿಡಿದು ಬರಬೇಕೆ! ಮೊಮ್ಮಗಳು ಸುಮೈರಾಳ ಜ್ವರ ಇಳಿದಿರಲಿಲ್ಲ. ಮಗುವಿಗೆ ನಿವಾಳಿಸಿದ ಮಾಂಸ ಹದ್ದಿಗೆ ಹಾಕಬೇಕು. ಹದ್ದು ಒಯ್ದರೆ ಪೀಡೆಯೂ ಹೋದಂತೆ. ಮನೆಯ ಹಿರಿಯರೆಲ್ಲ ಹಾಕಿದ್ದು ಇದೇ ಕೆರೆಯ ಏರಿಯ ಮೇಲೆ. ಹಾಗೆ ಹಾಕುವವರನ್ನು ತಡೆಯುವುದೇ ಈಗ ಅರ್ಬಾಜನ ಕೆಲಸ.

"ಒಳಗ್ ಬಿಡಂಗಿಲ್ಲ ಅಮ್ಮಿ. ಮಾಂಸ ಬಿದ್ರೆ ನಾಯಿ ಸೇರ್ತಾವೆ, ಗೂಡಿಗ್ ಬಾಯಿ ಹಾಕ್ತಾವೆ."

"ನಿನ್ ಮಗಳು ಕಣೋ ಅವಳು!"

"ಅವಳ್ ಔಷಧಿ ಬರೋದೂ ಈ ಕೆಲಸದಿಂದ್ಲೇ!"

"ನೀನ್ ಹೇಳಿದ್ ಆ ಕಂಪನಿಯೋರೂ ನಿವಾಳಿಸೇ ಹಾಕ್ತಾವ್ರಲ್ಲ? ಎಲ್ಲೋ ಮಾಡಿದ್ ಪಾಪ ತಂದು ಇಲ್ಲಿನ್ ಹಕ್ಕಿಗೆ."

"ಅದು ಬೇರೆ!" ಎಂದು ಕೂಗಿದ. ಹೇಗೆ ಬೇರೆ ಎಂಬುದು ಅವನಿಗೂ ಹೊಳೆಯಲಿಲ್ಲ.

ಕವರ್ ಕಿತ್ತುಕೊಂಡು ಹೋಗಿ ಮಾಂಸವನ್ನು ರಸ್ತೆಯಾಚೆ ಸುರಿದ. ಕೆರೆಯ ಮೇಲೆ ಸುತ್ತುತ್ತಿದ್ದ ಹದ್ದು ಗಾಡಿಗಳ ಗದ್ದಲಕ್ಕೆ ಇತ್ತ ಸುಳಿಯಲಿಲ್ಲ. ಬಂದದ್ದು ನಾಯಿ.

"ಯಾ ಅಲ್ಲಾ, ಅದರ್ ಬಾಯಿಗಾ!" ಅಮ್ಮ ಎದೆ ಹಿಡಿದುಕೊಂಡಳು.

ಅರ್ಬಾಜ್ ನಾಯಿಗೆ ಕಲ್ಲು ಬೀಸಿದ. ಉಳಿದ ತುಂಡು ಬಾಚಿಕೊಂಡು, ಗೇಟು ಒದ್ದು, ಏರಿ ಹತ್ತಿ ಮೇಲಕ್ಕೆಸೆದ. ಹದ್ದು ಗಾಳಿಯಲ್ಲೇ ಹಿಡಿದು ಹೋಯಿತು.

ಆಗಷ್ಟೇ ಕಾರಿಳಿದ ಕಂಪನಿಯವರು ಹದ್ದಿನ ಚಳಕ ಕಂಡು ಚಪ್ಪಾಳೆ ತಟ್ಟಿದರು. ನಂದಿತಾ ಅವರತ್ತ ನಕ್ಕು, ಇವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದರು: "ನಾಳೆಯಿಂದ ಬರ್ಬೇಡ."

"ಕಾಡ್ ಕಡಿಯೋರ್ಗೂ ಇಂಗೇ ಅಂದ್ರಾ ಮೇಡಂ?"

"ಹಾಗೆ ಅಂದ್ಬಿಟ್ರೆ ಕೆರೆಗೆ ದುಡ್ಡು ಎಲ್ಲಿಂದ ತರ್ಲಿ, ನೀನೇ ಹೇಳು."

ಬೈಯಲು ಹೊರಟಿದ್ದ ಅರ್ಬಾಜ್ ಅವರ ಮುಖ ನೋಡಿದ. ಅವರು ನಿಜವಾಗಿಯೂ ಕೇಳುತ್ತಿದ್ದರು.

ಗೇಟಿನಾಚೆ ಅಮ್ಮ ಹಿಗ್ಗಿ ನಿಂತಿದ್ದಳು. "ತಗೊಂಡ್ ಹೋಯ್ತು ಬೇಟಾ! ಇನ್ ಇಳೀತದೆ ಜ್ವರ."

ಖಾಕಿ ಅಂಗಿ ಬಿಚ್ಚಿ ಕುರ್ಚಿಯ ಮೇಲೆಸೆದು ಹೊರಬಂದ. ಮಗಳ ಔಷಧಿಗೆ ಡಾಕ್ಟರ್ ಬರೆದ ಚೀಟಿ ಪ್ಯಾಂಟಿನ ಜೇಬಿನಲ್ಲಿತ್ತು. ಮೆಡಿಕಲ್ ಅಂಗಡಿ ಬಲಕ್ಕೆ, ಮನೆ ಎಡಕ್ಕೆ. ಯಾವ ಕಡೆಗೆಂದು ತಿಳಿಯದೆ ಬನಿಯನ್ನಿನಲ್ಲೇ ನಿಂತ ಅವನ ತಲೆಯ ಮೇಲೆ, ಇನ್ನೂ ಮಾಂಸ ಇದೆಯೇ ಎಂಬಂತೆ, ಹದ್ದು ಮತ್ತೊಂದು ಸುತ್ತು ಹಾಕಿತು.